ಬಿಟ್ಟುಹೋದ ಬಯಲು

ಇಸ್ತ್ರಿ ಮಾಡಿ ಮಡಚಿಟ್ಟಿದ್ದ ಹೋಟೆಲಿನ ಬೆಡ್‌ಶೀಟನ್ನು ಮೇಷ್ಟ್ರು ಮತ್ತೆ ಬಿಚ್ಚಿ ಮೇಜಿನ ಮೇಲೆ ಹರಡಿದ್ದರು. ಬರೀ ಬಿಚ್ಚಿದ್ದರೆ ಲಾಂಡ್ರಿಯಮ್ಮ ಹೋಗಲಿ ಎಂದು ಬಿಟ್ಟುಬಿಡುತ್ತಿದ್ದಳೋ ಏನೋ. ಆದರೆ ಅವರು ಅದರ ಒಂದು ಮೂಲೆಯನ್ನು ಹಿಸುಕಿ ಸುಕ್ಕು ಮಾಡಿ, ನಡುವೆ ಅಂಗೈ ಒತ್ತಿ ತಗ್ಗು ಮಾಡಿ, ಕನ್ನಡಕವನ್ನು ಹಣೆಗೇರಿಸಿಕೊಂಡು ಬಗ್ಗಿ ನೋಡುತ್ತಿದ್ದರು.

"ಏನ್ರೀ ಅದು?"

"ಬಯಲು," ಅಂದರು ಮೇಷ್ಟ್ರು. "ಈ ತಗ್ಗಿನಲ್ಲಿ ಮಳೆ ಬಂದ್ರೆ ನೀರು ನಿಲ್ಲತ್ತೆ, ಇದಕ್ಕೊಂದು ಹೆಸರು. ಆ ಕಡೆ ಸಪಾಟಾಗಿದೆ ನೋಡು, ಅದು ಸಫ್‌ಸಫ್. ಉಬ್ಬಿಲ್ಲ, ತಗ್ಗಿಲ್ಲ, ಹುಲ್ಲುಕಡ್ಡಿ ಇಲ್ಲ."

"ಅದು ಹೋಟೆಲಿನವರ ಬಟ್ಟೆ. ಸಂಜೆಗೆ ಅದರ ಮೇಲೆ ಯಾರೋ ಮಲಗಬೇಕು."

ಮೊದಲಾಗಿದ್ದರೆ ಮೇಷ್ಟ್ರು, "ಮಲಗಲಿ ಬಿಡು, ನಾನೇನು ಬಯಲಿಗೆ ಬೇಲಿ ಹಾಕಿದೀನಾ," ಎನ್ನುತ್ತಿದ್ದರು. ಆಕೆ ಒದ್ದೆ ದಿಂಬಿನ ಚೀಲವೊಂದನ್ನು ಅವರ ಮೇಲೆ ಎಸೆಯುತ್ತಿದ್ದಳು. ಅಲ್ಲಿಗೆ ಲೆಕ್ಕ ಸರಿಹೋಗುತ್ತಿತ್ತು. ಈಗ ಅವರು ಗಾಬರಿಯಾದವರಂತೆ ನೆಟ್ಟಗೆ ನಿಂತು, "ಅಯ್ಯೋ, ತಪ್ಪಾಯ್ತು. ನೀನು ಕೂತ್ಕೋ. ಕೈ ಎತ್ತಬೇಡ. ನಾನೇ ಇಸ್ತ್ರಿ ಮಾಡಿಕೊಡ್ತೀನಿ," ಎಂದರು. ಹೇಳಿದ್ದಷ್ಟೇ ಅಲ್ಲ, ಮಾಡಿಯೂ ಬಿಟ್ಟರು. ಬೆಡ್‌ಶೀಟಿನ ಅಂಚು ಕಂದುಬಣ್ಣಕ್ಕೆ ತಿರುಗಿತು.

ಲಾಂಡ್ರಿಯಮ್ಮ ಸುಟ್ಟ ಅಂಚನ್ನು ನೋಡಿದಳು, ಗಂಡನ ಮುಖವನ್ನು ನೋಡಿದಳು, ಬಟ್ಟೆಯನ್ನು ಮಡಚಿ ಪಕ್ಕಕ್ಕಿಟ್ಟಳು. ಬೈದರೆ ಬೈಸಿಕೊಳ್ಳುವವರಾದರೂ ಇರಬೇಕಲ್ಲ. ಹತ್ತಿಯ ಮೂಟೆಗೆ ಗುದ್ದಿದರೆ ಗುದ್ದಿದವರ ಕೈಗೇ ಬೇಸರ.

ಮೇಷ್ಟ್ರು ಕಾಲೇಜಿನಲ್ಲಿ ಅರಬ್ಬಿ ಭಾಷೆ ಕಲಿಸಿ ನಿವೃತ್ತರಾದವರು. ಹಳೆಯ ಅರಬ್ಬಿ ಪದಗಳಿಗೊಂದು ನಿಘಂಟು ಬರೆಯುವ ಹುಚ್ಚು ಅವರಿಗೆ ಮದುವೆಗೆ ಮುಂಚೆಯೇ ಹಿಡಿದಿತ್ತು. ಅಕ್ಷರದ ಸಾಲಿನಲ್ಲಲ್ಲ, ವಸ್ತುವಿನ ಸಾಲಿನಲ್ಲಿ: ಒಂಟೆಯ ಪದಗಳೆಲ್ಲ ಒಂದು ಕಡೆ, ಗಾಳಿಯ ಪದಗಳೆಲ್ಲ ಒಂದು ಕಡೆ, ಕುರಿಯ ಪದಗಳೆಲ್ಲ ಒಂದು ಕಡೆ. ಕೆಳಗೆ ಹೆಂಡತಿಯ ಲಾಂಡ್ರಿ, ಮೇಲೆ ಮನೆ. ಆದರೆ ನಿಘಂಟು ಹುಟ್ಟಿದ್ದು ಮೇಲಿನ ಓದುವ ಕೋಣೆಯಲ್ಲಲ್ಲ, ಕೆಳಗಿನ ಇಸ್ತ್ರಿ ಮೇಜಿನ ಪಕ್ಕದಲ್ಲಿ. ಅದಕ್ಕೆ ಕಾರಣ ಅವರದೇ ಒಂದು ಕಟ್ಟಳೆ. ಪ್ರತಿ ಪದದ ಅರ್ಥ ಬರೆದ ಮೇಲೆ ಅದನ್ನು ಲಾಂಡ್ರಿಯಲ್ಲಿ ಗಟ್ಟಿಯಾಗಿ ಓದಬೇಕು. ಹೆಂಡತಿಗೂ ಅವಳ ತಮ್ಮನಿಗೂ ಒಂದೇ ಸಲಕ್ಕೆ ಅರ್ಥವಾದರೆ ಪಾಸು. ಇಬ್ಬರಲ್ಲಿ ಒಬ್ಬರು ಹುಬ್ಬು ಗಂಟಿಕ್ಕಿದರೂ ಹರಿದು ಹಾಕಿ ಮತ್ತೆ ಬರೆಯಬೇಕು. "ಬಟ್ಟೆ ತಂದುಹಾಕೋ ಜನಕ್ಕೆ ಅರ್ಥವಾಗದ ಅರ್ಥ ಯಾರಿಗೆ ಬೇಕು," ಎನ್ನುತ್ತಿದ್ದರು.

ಈ ಕಟ್ಟಳೆಯಿಂದ ಆ ಮನೆಯಲ್ಲಿ ನಡೆದ ಜಗಳಗಳಿಗೆ ಮಿತಿಯಿರಲಿಲ್ಲ. ಗಾಳಿಯ ಭಾಗ ಮುಗಿಯುವಷ್ಟರಲ್ಲಿ ಗಂಡಹೆಂಡತಿ ಎರಡು ಸಲ ಮಾತು ಬಿಟ್ಟಿದ್ದರು. ಒಂಟೆಯ ಭಾಗದಲ್ಲಿ ಒಂದು ಚೊಂಬು ನೀರು ಮೇಷ್ಟ್ರ ತಲೆಯ ಮೇಲೆ ಬಿದ್ದಿತ್ತು. ಲಾಂಡ್ರಿಯಮ್ಮನಿಗೆ ಓದು ಅಷ್ಟಕ್ಕಷ್ಟೆ, ಆದರೆ ಅರ್ಥವಾಗದ್ದನ್ನು ಅರ್ಥವಾಯಿತು ಎನ್ನುವ ಜಾಯಮಾನ ಅವಳದಲ್ಲ. ಜಗಳದ ದಿನಗಳೇ ಆ ಮನೆಯ ಒಳ್ಳೆಯ ದಿನಗಳಾಗಿದ್ದವು ಎಂದು ಅವಳಿಗೆ ತಿಳಿದದ್ದು ಜಗಳ ನಿಂತ ಮೇಲೆ.

ನಿಂತದ್ದು ಹೀಗೆ. ಹೋದ ವರ್ಷದ ಹಿಂದಿನ ವರ್ಷ ಅವಳ ಎಡ ಎದೆಯಲ್ಲೊಂದು ಗಡ್ಡೆ ಕಾಣಿಸಿತು. ಆಸ್ಪತ್ರೆಯಲ್ಲಿ ಆ ಎದೆಯನ್ನೇ ತೆಗೆದರು. ಔಷಧಿಯ ಸಂಕಟವೆಲ್ಲ ಮುಗಿಯಿತು, ಉದುರಿದ ಕೂದಲು ಮತ್ತೆ ಬಂತು, ಡಾಕ್ಟರು ಇನ್ನು ವರ್ಷಕ್ಕೊಮ್ಮೆ ಬಂದರೆ ಸಾಕು ಎಂದರು. ಅವಳು ಮತ್ತೆ ಲಾಂಡ್ರಿಗಿಳಿದಳು. ಆದರೆ ಮನೆಯ ಗಂಡಸರು ಆಸ್ಪತ್ರೆಯಿಂದ ಇನ್ನೂ ವಾಪಸು ಬಂದಿರಲಿಲ್ಲ. ಬುಟ್ಟಿ ಎತ್ತಿದರೆ ತಮ್ಮ ಓಡಿ ಬಂದು ಕಸಿದುಕೊಳ್ಳುತ್ತಿದ್ದ. ಮೆಟ್ಟಿಲು ಹತ್ತಿದರೆ ಗಂಡ ಹಿಂದೆ ನಿಲ್ಲುತ್ತಿದ್ದರು, ಬಿದ್ದರೆ ಹಿಡಿಯುವವರ ಹಾಗೆ. ಅರ್ಥ ಓದಿದಾಗ ಅವಳು ಹುಬ್ಬು ಗಂಟಿಕ್ಕಿದರೆ ಸಾಕು, ಏಕೆ ಏನು ಎಂದು ಕೇಳದೆ ಹರಿದು ಹಾಕುತ್ತಿದ್ದರು. ಎಲ್ಲದಕ್ಕಿಂತ ಹೆಚ್ಚಾಗಿ, ಎದೆ ಎಂಬ ಪದವೇ ಆ ಮನೆಯಿಂದ ಗಡಿಪಾರಾಗಿತ್ತು. ಒಮ್ಮೆ ಮೇಷ್ಟ್ರು ಯಾವುದೋ ವಾದದಲ್ಲಿ "ಎದೆ ತಟ್ಟಿ ಹೇಳ್ತೀನಿ" ಎಂದು ಶುರುಮಾಡಿ, ನಾಲಗೆ ಕಚ್ಚಿಕೊಂಡು "ತೊಡೆ ತಟ್ಟಿ ಹೇಳ್ತೀನಿ" ಎಂದಿದ್ದರು. ಅವಳ ತಮ್ಮ, "ಕುಸ್ತಿಗೆ ಕರೀತಿದೀರಾ ಭಾವ?" ಎಂದು ಕೇಳಿದ್ದ. ಯಾರೂ ನಗಲಿಲ್ಲ.

ತಮ್ಮನನ್ನು ಬೀದಿಯವರೆಲ್ಲ ಕರೆಯುವುದು ಚೊಂಬು ಎಂದು. ತಲೆ ಹಾಗಿದೆ: ಉಜ್ಜಿ ಬೋರಲು ಹಾಕಿದ ಚೊಂಬು. ಅವನು ಲಾಂಡ್ರಿಯ ಗಾಡಿ ಓಡಿಸುತ್ತಾನೆ. ನಿಘಂಟಿನ ಕೊನೆಯ ಭಾಗ ಬಟ್ಟಬಯಲಿನ ಪದಗಳದ್ದು, ಅದರಲ್ಲಿ ಅವನ ತಲೆಗೂ ಒಂದು ಜಾಗ ಸಿಕ್ಕಿತ್ತು.

"ಆ ಕಾಲದ ಜನ ನೆಲ ನೋಡಿದ್ರೆ ಮೈ ಕಾಣೋರು," ಎಂದು ಮೇಷ್ಟ್ರು ವಿವರಿಸಿದ್ದರು. "ಗಿಡ ಇಲ್ಲದ ನೆಲ ಅಂದ್ರೆ ಸಲ್ಆ. ಬೋಳುತಲೆಯ ನೆಲ. ಮೀಸೆ ಗಡ್ಡ ಬಾರದ ಹುಡುಗನಿಗೆ ಏನಂತಾರೋ, ಏನೂ ಹುಟ್ಟದ ಮರಳಿಗೂ ಅದೇ. ಕೂದಲಿಲ್ಲದ ಮೈಯಂಥ ನೆಲ ಜರ್ದಾ."

"ಅದು ತಂಬಾಕಲ್ವಾ," ಅಂದಿದ್ದ ಚೊಂಬು.

"ನೆಲ ಕಣೋ."

"ಉಗುಳೋ ಹಾಗಿಲ್ಲ ಅನ್ನಿ. ಮತ್ತೆ ನನ್ನ ತಲೆಗೆ ಏನು ಬರೆದ್ರಿ?"

"ಬಿಸಿಲಲ್ಲಿ ಹೊಳೆಯುವ ಬೋಳು ನೆಲ."

"ಪಾಸು," ಎಂದಿದ್ದ ಚೊಂಬು, ತಲೆ ಸವರಿಕೊಂಡು.

ಹೀಗೆ ಸರಾಗವಾಗಿ ಹೋಗುತ್ತಿದ್ದ ಭಾಗ ಇದ್ದಕ್ಕಿದ್ದ ಹಾಗೆ ಕೆಸರಿಗೆ ಸಿಕ್ಕ ಗಾಡಿಯಾಗಿತ್ತು. ಮೇಷ್ಟ್ರು ದಿನಾ ಬೆಡ್‌ಶೀಟು ಹರಡುವರು, ಸುಕ್ಕು ಮಾಡುವರು, ಬಿಡಿಸುವರು, ಬರೆದದ್ದನ್ನೇ ಬರೆಯುವರು. ಕೇಳಿದರೆ ಸಫ್‌ಸಫ್ ಇನ್ನೂ ಕೂತಿಲ್ಲ ಎನ್ನುವರು. ಅಚ್ಚುಮನೆಯಿಂದ ಫೋನು ಬಂದರೆ ಸ್ನಾನಕ್ಕೆ ಹೋಗುವರು. ಲಾಂಡ್ರಿಯಮ್ಮನಿಗೆ ತಲೆ ಚಿಟ್ಟು ಹಿಡಿದಿತ್ತು. ನಿಘಂಟು ಮುಗಿಯದಿದ್ದರೆ ಅಚ್ಚುಮನೆಯವರು ಆ ಕೆಲಸವನ್ನು ಕೈಬಿಡುತ್ತಾರೆ. ಕೈಬಿಟ್ಟರೆ ಈ ಮನುಷ್ಯನಿಗೆ ಉಳಿಯುವ ಕೆಲಸ ಒಂದೇ: ದಿನವಿಡೀ ಹೆಂಡತಿಯ ಹಿಂದೆ ಕೈ ಚಾಚಿಕೊಂಡು ನಿಲ್ಲುವುದು.

ಬೆಡ್‌ಶೀಟಿನ ಅಂಚು ಸುಟ್ಟ ಆ ಮಧ್ಯಾಹ್ನವೇ ಅಚ್ಚುಮನೆಯ ಒಡತಿ ತಾನಾಗಿ ಬಂದಳು. ದಪ್ಪ ಕನ್ನಡಕದ, ಬೆರಳಿಗೆ ಶಾಯಿ ಮೆತ್ತಿದ ಹೆಂಗಸು. ಫೋನಿನಲ್ಲಿ ಎಷ್ಟು ಮಾತೋ ಎದುರಿಗೂ ಅಷ್ಟೇ ಮಾತು.

"ಸ್ನಾನ ಮುಗೀತಾ ಮೇಷ್ಟ್ರೇ?" ಎನ್ನುತ್ತ ಒಳಗೆ ಬಂದು, ಕೈಚೀಲವನ್ನು ಹೆಗಲಲ್ಲೇ ಇಟ್ಟುಕೊಂಡು ನಿಂತಳು. "ಕೂರಲ್ಲ. ಪುಟ ಕೊಡಿ, ಹೋಗ್ತೀನಿ. ನಾಳೆ ಬೆಳಗ್ಗೆ ಯಂತ್ರಕ್ಕೆ ಬೇರೆಯವರ ಪಠ್ಯಪುಸ್ತಕ ಏರತ್ತೆ. ಒಂದು ಸಲ ಏರಿತು ಅಂದ್ರೆ ನಿಮ್ಮ ಬಯಲಿಗೆ ಇನ್ನು ಯಾವಾಗಲೋ."

"ಎಲ್ಲಾ ಸಿದ್ಧ ಇದೆ," ಎಂದು ಮೇಷ್ಟ್ರು ಕಾಗದದ ಕಟ್ಟನ್ನು ಕೊಟ್ಟರು. ಅಷ್ಟು ಸುಲಭವಾಗಿ ಕೊಟ್ಟದ್ದು ನೋಡಿ ಲಾಂಡ್ರಿಯಮ್ಮನಿಗೆ ಆಶ್ಚರ್ಯವಾಯಿತು. ಸಿದ್ಧವಿದ್ದದ್ದನ್ನು ಇಷ್ಟು ದಿನ ಏಕೆ ಕಟ್ಟಿಕೊಂಡು ಕೂತಿದ್ದರು?

ಒಡತಿ ನಿಂತಲ್ಲೇ ಹಾಳೆ ತಿರುವಿದಳು. ಒಮ್ಮೆ ಮುಂದಕ್ಕೆ, ಒಮ್ಮೆ ಹಿಂದಕ್ಕೆ. "ಜದ್ದಾ ಎಲ್ಲಿ?"

ಮೇಷ್ಟ್ರು ಪೆನ್ನಿನ ಮುಚ್ಚಳ ತೆಗೆದು ಮತ್ತೆ ಹಾಕಿದರು. "ಯಾವ ಜದ್ದಾ?"

"ಯಾವ ಜದ್ದಾ ಅಂದ್ರೆ? ನಿಮ್ಮ ಹಳೇ ವಿದ್ಯಾರ್ಥಿ ಕರಡು ತಿದ್ದೋಕೆ ನನ್ನ ಹತ್ರ ಇದಾನಲ್ಲ, ಅವನೇ ಹೇಳಿ ಕಳಿಸಿದ. ಬಯಲಿನ ಭಾಗ ಬಂದ ತಕ್ಷಣ ಮೊದಲು ಜದ್ದಾ ನೋಡಿ, ಗುರುಗಳು ಅದನ್ನ ಚೆನ್ನಾಗಿ ಬಿಡಿಸಿರ್ತಾರೆ ಅಂದ. ಇಲ್ಲಿ ನೋಡಿದ್ರೆ ಪದವೇ ಇಲ್ಲ."

"ಮರೆತಿರಬೇಕು."

"ನೀವಾ? ನಿಮಗೆ ಸ್ವಂತ ಹುಟ್ಟಿದ ದಿನ ಮರೆತೀತು, ಪದ ಮರೆಯತ್ತಾ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರು ಎನ್ನುತ್ತಾರಲ್ಲ, ಮೇಷ್ಟ್ರ ಕಣ್ಣು ಆಗ ಹೆಂಡತಿಯ ಕಡೆ ಒಮ್ಮೆ ಹೋಗಿ ಸರಕ್ಕನೆ ವಾಪಸು ಬಂತು. ಅಷ್ಟು ಸಾಕಾಗಿತ್ತು ಲಾಂಡ್ರಿಯಮ್ಮನಿಗೆ. ಅವಳು ಇಸ್ತ್ರಿ ಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿದಳು.

"ಅದರ ಅರ್ಥ ಏನು?" ಎಂದು ಒಡತಿಯನ್ನು ಕೇಳಿದಳು.

"ಏನಿಲ್ಲ, ಬಯಲು," ಎಂದರು ಮೇಷ್ಟ್ರು ನಡುವೆ ಬಾಯಿ ಹಾಕಿ.

"ನಿಮ್ಮನ್ನ ಕೇಳಿಲ್ಲ."

ಒಡತಿಗೆ ಒಳಗಿನ ವಿಷಯ ಗೊತ್ತಿರಲಿಲ್ಲ. "ನೀರಿಲ್ಲದ ಬಯಲು ಅಂತೆ ಅಮ್ಮ. ಹಾಲು ಬತ್ತಿದ ಕುರಿಗೂ ಅದೇ ಹೆಸರಂತೆ. ಎದೆ ಇಲ್ಲದ ಹೆಂಗಸಿಗೂ ಅದೇ ಅಂತೆ. ಹುಡುಗ ಹಾಗೆ ಹೇಳಿದ," ಎಂದು ಒಂದೇ ಉಸಿರಿಗೆ ಒಪ್ಪಿಸಿದಳು.

ಹೊರಗೆ ಗಾಡಿಗೆ ಬಟ್ಟೆ ಏರಿಸುತ್ತಿದ್ದ ಚೊಂಬು ಬಾಗಿಲಲ್ಲೇ ನಿಂತುಬಿಟ್ಟ. ಬಟ್ಟೆ ಒಗೆಯುವ ಯಂತ್ರ ಮಾತ್ರ ಗುಡುಗುಡು ತಿರುಗುತ್ತಿತ್ತು. ಒಡತಿ ಎಲ್ಲರ ಮುಖವನ್ನೂ ನೋಡಿ, ತಾನು ಏನೋ ಒಡೆದೆ ಎಂದು ತಿಳಿದು, ಏನು ಒಡೆದೆ ಎಂದು ತಿಳಿಯದೆ, ಕನ್ನಡಕ ಒರೆಸಿಕೊಳ್ಳತೊಡಗಿದಳು.

"ಅಷ್ಟೇನಾ," ಅಂದಳು ಲಾಂಡ್ರಿಯಮ್ಮ.

ಸುಟ್ಟ ಬೆಡ್‌ಶೀಟನ್ನು ತೆಗೆದು ಗಂಡನ ಮುಂದೆ ಹಿಡಿದಳು.

"ಇಷ್ಟಕ್ಕೆ ಇಷ್ಟು ದಿನ ಹೋಟೆಲಿನವರ ಬಟ್ಟೆ ಸುಟ್ಟಿರಾ? ನಾನು ಅಂದುಕೊಂಡೆ, ಪಾಪ ವಯಸ್ಸಾಯ್ತು, ಪದ ಸಿಗ್ತಿಲ್ಲ ಅಂತ. ಸಿಕ್ಕಿದ ಪದಾನ ಬಚ್ಚಿಡ್ತಿದ್ರಿ ನೀವು."

"ಬಚ್ಚಿಟ್ಟಿಲ್ಲ. ಬಿಟ್ಟೆ."

"ಏನು ವ್ಯತ್ಯಾಸ?"

"ಒಂದು ಪದ ಇಲ್ಲದಿದ್ರೆ ಯಾರ ಗಂಟು ಹೋಗತ್ತೆ," ಎಂದರು ಮೇಷ್ಟ್ರು. ಧ್ವನಿ ಮೆತ್ತಗೆ, ಆಸ್ಪತ್ರೆಯಲ್ಲಿ ಮಂಚದ ಪಕ್ಕ ಕೂತವರ ಧ್ವನಿ. "ಬೇಕಾದಷ್ಟು ಪದ ಇದೆ. ನೀನು ಸುಮ್ಮನೆ ಬೇಜಾರು ಮಾಡ್ಕೋಬೇಡ. ಕೂತ್ಕೋ ಮೊದಲು."

ಕೂತ್ಕೋ ಎಂದದ್ದೇ ತಪ್ಪಾಯಿತು.

"ನಾನು ಕೂರಲ್ಲ. ಎರಡು ವರ್ಷದಿಂದ ಕೂರಿಸ್ತಾನೇ ಇದೀರಿ. ಬುಟ್ಟಿ ಎತ್ತಿದ್ರೆ ಕೂತ್ಕೋ, ಕೆಮ್ಮಿದ್ರೆ ಕೂತ್ಕೋ. ನನಗೆ ಹೋಗಿದ್ದು ಎದೆ ಕಣ್ರೀ, ಕಾಲಲ್ಲ."

ಒಡತಿಗೆ ಈಗ ಅರ್ಥವಾಯಿತು. ಕನ್ನಡಕ ಒರೆಸುತ್ತಿದ್ದ ಕೈ ಅಲ್ಲೇ ನಿಂತಿತು. ಬಾಗಿಲಲ್ಲಿ ಚೊಂಬು, "ಅಕ್ಕ, ಹೊರಗಿನವರ ಎದುರಿಗೆ," ಎಂದು ಗೊಣಗಿದ.

"ನೀನೊಬ್ಬ ಶುರು ಮಾಡಬೇಡ. ಹೊರಗಿನವರು ಅಂತೆ. ಒಳಗಿನವರು ಎರಡು ವರ್ಷದಲ್ಲಿ ಹೇಳದ ಪದಾನ ಆಯಮ್ಮ ಬಂದು ನಿಂತ ಕಾಲಲ್ಲಿ ಹೇಳಿದ್ರು." ಅವಳು ಗಂಡನ ಕಡೆ ತಿರುಗಿದಳು. "ಸುಳ್ಳು ಹೇಳಬೇಡಿ. ಬರೆದೇ ಇಲ್ವಾ, ಇಲ್ಲಾ ಬರೆದು ಹರಿದು ಹಾಕಿದ್ರಾ?"

ಮೇಷ್ಟ್ರು ಪೆನ್ನನ್ನು ಮೇಜಿನ ಮೇಲಿಟ್ಟರು. "ಬರೆದೆ," ಎಂದರು. "ನೀರು ಬಹಳ ಆಳದಲ್ಲಿರುವ ನೆಲ, ಅಂತ ಬರೆದೆ."

"ಆಳದಲ್ಲಿದೆಯಾ?"

"ಇಲ್ಲ. ಇಲ್ಲವೇ ಇಲ್ಲ. ಅದಕ್ಕೇ ಹರಿದು ಹಾಕಿದೆ. ಸುಳ್ಳು ಬರೆಯೋಕೆ ಆಗಲಿಲ್ಲ, ನಿಜ ಬರೆಯೋಕೂ ಆಗಲಿಲ್ಲ. ಬಿಟ್ಟುಬಿಟ್ಟೆ."

"ಕೋಲೂ ಮುರೀಬಾರ್ದು, ಹಾವೂ ಸಾಯಬಾರ್ದು."

"ನಿನ್ನ ಮುಂದೆ ಇದನ್ನ ಗಟ್ಟಿಯಾಗಿ ಓದೋದು ಹೇಗೆ ಹೇಳು. ಬಾಯಿ ಬರಬೇಕಲ್ಲ."

ಅವಳಿಗೆ ಒಂದು ಕ್ಷಣ ಮನಸ್ಸು ಕರಗಿತು. ಕರಗಿದ್ದಕ್ಕೆ ಸಿಟ್ಟೂ ಬಂತು. ಈ ಎರಡು ವರ್ಷ ಅವಳನ್ನು ಹಿಡಿದು ಹಾಕಿದ್ದೇ ಈ ಕರಗುವಿಕೆ. ಅವರು ಮೆತ್ತಗಾಗುವುದು, ಅದನ್ನು ನೋಡಿ ಇವಳು ಮೆತ್ತಗಾಗುವುದು, ಮನೆ ತುಂಬ ಇಬ್ಬರೂ ಒದ್ದೆ ಬಟ್ಟೆಯ ಹಾಗೆ ನೇತಾಡುವುದು.

"ಆ ನೆಲದಲ್ಲಿ ಈ ಪದಾನ ಯಾರು ಹೇಳೋರು?" ಎಂದು ಕೇಳಿದಳು.

"ಹಾದಿಹೋಕರು. ಒಂಟೆ ಹೊಡ್ಕೊಂಡು ಹೋಗೋರು."

"ಯಾಕೆ ಹೇಳೋರು?"

"ಯಾಕೆ ಅಂದ್ರೆ? ಮುಂದೆ ಬರೋ ಬಯಲಲ್ಲಿ ನೀರಿಲ್ಲ ಅಂತ ಗೊತ್ತಿರಬೇಕಲ್ಲ. ಗೊತ್ತಿದ್ರೆ ಚೀಲ ತುಂಬ್ಕೊಂಡು ಹೋಗ್ತಾರೆ, ಇಲ್ಲಾ ಬಳಸಿ ಹೋಗ್ತಾರೆ."

"ನೀರು ಆಳದಲ್ಲಿದೆ ಅಂತ ನೀವು ಬರೆದದ್ದನ್ನ ಓದಿಕೊಂಡು ಹೋದವನು?"

"ಸಾಯ್ತಾನೆ," ಎಂದರು ಮೇಷ್ಟ್ರು, ಬೇರೆ ದಾರಿಯಿಲ್ಲದೆ.

"ಪದವೇ ಇಲ್ಲದ ಪುಸ್ತಕ ಹಿಡ್ಕೊಂಡು ಹೋದವನು?"

"ಅವನೂ ಅಷ್ಟೇ," ಎಂದರು ಮೇಷ್ಟ್ರು.

"ನನಗೂ ಹಾಗೇ ಆಗಿತ್ತಲ್ರೀ. ಗಡ್ಡೆ ತೋರಿಸಿದಾಗ ಮೊದಲನೇ ಡಾಕ್ಟರು ಎಷ್ಟು ಮೃದು. ಏನಿಲ್ಲಮ್ಮ, ವಯಸ್ಸಿಗೆ ಬರೋದು, ಗಾಬರಿಯಾಗಬೇಡಿ ಅಂದ್ರು. ಹೆದರಿಸಬಾರದು ಅನ್ನೋ ಒಳ್ಳೇತನ. ಅವರ ಒಳ್ಳೇತನ ನಂಬಿ ಎಷ್ಟು ದಿನ ಸುಮ್ಮನಿದ್ವಿ. ಎರಡನೇ ಡಾಕ್ಟರು ಮುಖ ನೋಡಿ ಇದು ಕ್ಯಾನ್ಸರು, ಎದೆ ತೆಗೀಬೇಕು ಅಂದ್ರು. ಅವತ್ತು ನೀವು ಕಾರಿಡಾರಲ್ಲಿ ಅವರನ್ನ ಕಟುಕ ಅಂತ ಬೈದ್ರಿ. ಈಗ ಹೇಳಿ, ನಾನು ಯಾರಿಂದ ಇಲ್ಲಿ ನಿಂತಿದೀನಿ?"

"ಎರಡನೆಯವರಿಂದ."

"ಹಾಗಾದ್ರೆ ನೀವು ಯಾಕೆ ಮೊದಲನೆಯವರಾಗ್ತೀರಿ? ಬರೀರಿ. ಎಲ್ಲಾ ಪದದ ಹಾಗೆ ಇದನ್ನೂ ಇಲ್ಲೇ ಓದಿ. ಪಾಸು ಮಾಡೋದು ಬಿಡೋದು ನನಗೆ ಬಿಟ್ಟಿದ್ದು."

ಅಚ್ಚುಮನೆಯ ಒಡತಿ ಹಾಳೆಯೊಂದನ್ನು ಮೆಲ್ಲಗೆ ಮೇಜಿನ ಮೇಲೆ ಸರಿಸಿದಳು. ಮೇಷ್ಟ್ರು ಬಗ್ಗಿ ಬರೆದರು. ಬರೆಯುವಾಗ ಒಮ್ಮೆ ಮೂಗು ಒರೆಸಿಕೊಂಡರು, ಯಾರೂ ನೋಡಲಿಲ್ಲ, ಅಥವಾ ಎಲ್ಲರೂ ನೋಡದ ಹಾಗೆ ನಿಂತರು. ಆಮೇಲೆ ಓದಿದರು.

"ಜದ್ದಾ. ನೀರೇ ಇಲ್ಲದ ಬಯಲು. ಹಾಲು ಬತ್ತಿದ ಕುರಿ, ಒಂಟೆ. ಇಲ್ಲವೆನ್ನುವಷ್ಟು ಕಿರಿದಾದ ಎದೆಯ ಹೆಂಗಸು."

ಚೊಂಬು ಗೋಡೆಯ ಗಡಿಯಾರವನ್ನು ನೋಡುತ್ತ, "ನನಗೆ ಪಾಸು," ಎಂದ ಬೇಗ ಬೇಗ.

"ನನಗೆ ಅರ್ಥ ಆಗಲಿಲ್ಲ," ಎಂದಳು ಲಾಂಡ್ರಿಯಮ್ಮ.

"ಯಾವುದು?"

"ಈ ಪದ ನನಗೆ ಸಲ್ಲತ್ತಾ, ಸಲ್ಲಲ್ವಾ?"

ಕೇಳಿದ್ದು ಪದದ ಪ್ರಶ್ನೆ. ಪದದ ಪ್ರಶ್ನೆ ಕೇಳಿದರೆ ಮೇಷ್ಟ್ರು ನಿದ್ದೆಯಲ್ಲೂ ಉತ್ತರ ಕೊಡುವವರು. "ಸಲ್ಲಲ್ಲ," ಎಂದರು ತಟ್ಟನೆ. "ಹೇಗೆ ಸಲ್ಲತ್ತೆ? ಇದು ಎರಡೂ ಕಡೆಗೆ ಹೇಳೋ ಮಾತು. ನಿನಗೆ ಬಲಗಡೆ ಇದೆಯಲ್ಲ. ಒಂದು ಕಡೆಯದಕ್ಕೆ ಬೇರೆ ಪದ ಇದೆ, ಶತೂರ್. ಆದ್ರೆ ಅದು ಕುರಿಗೆ. ಕೆಚ್ಚಲಲ್ಲಿ ಎರಡು ಮೊಲೆ ಇರತ್ತಲ್ಲ, ಅದರಲ್ಲಿ ಒಂದು ಒಣಗಿದ ಕುರಿ. ಕುರಿಯ ಭಾಗದಲ್ಲಿ ಬರೆದಿದೀನಿ."

ಚೊಂಬು ಭಾವನಿಗೆ ಕಣ್ಸನ್ನೆ ಮಾಡಿದ. ತಾನು ಏನು ಹೇಳಿದೆ ಎಂದು ಮೇಷ್ಟ್ರಿಗೆ ಇನ್ನೂ ತಿಳಿದಿರಲಿಲ್ಲ. ಹೆಂಡತಿ ಮಾತ್ರ ಅವರನ್ನೇ ನೋಡುತ್ತಿದ್ದಳು.

"ಆ ಕುರಿ ಹಾಲು ಕೊಡತ್ತಾ?"

"ಕೊಡತ್ತೆ. ಇನ್ನೊಂದು ಮೊಲೆ ಇದೆಯಲ್ಲ."

"ಬರೆದಿದೀರಾ, ಕೊಡತ್ತೆ ಅಂತ?"

"ಒಂದು ಮೊಲೆ ಒಣಗಿದ ಕುರಿ ಅಂತ ಬರೆದಿದೀನಿ. ಅಷ್ಟು ಅಂದ್ರೆ ಗೊತ್ತಾಗತ್ತೆ."

"ನನಗೆ ಗೊತ್ತಾಗಲಿಲ್ಲ. ಓದಿದವನು ಏನಂದ್ಕೋತಾನೆ? ಒಣಗಿತು, ಇನ್ನೇನು ಕೆಲಸಕ್ಕೆ ಬಾರದ್ದು ಅಂದ್ಕೋತಾನೆ. ಇನ್ನೊಂದರಲ್ಲಿ ಹಾಲು ಕೊಡುವ ಕುರಿ ಅಂತ ಸೇರಿಸಿ."

"ಆ ಭಾಗ ನೀನೇ ಪಾಸು ಮಾಡಿದ್ದೆ."

"ಆಗ ನನಗೆ ಎರಡೂ ಇತ್ತು. ಈಗ ಫೇಲು."

"ಹೋದ ಪದಾನ ಈಗ ಫೇಲು ಮಾಡೋಕೆ ಬರಲ್ಲ. ಅದು ಅಚ್ಚಾಗಿ ಹೋಗಿದೆ."

"ಇನ್ನೂ ಅಚ್ಚಾಗಿಲ್ಲ, ಅಕ್ಷರ ಜೋಡಿಸಿಟ್ಟಿದೀವಿ ಅಷ್ಟೆ," ಎಂದುಬಿಟ್ಟಳು ಒಡತಿ. ಹೇಳಿದ ಮೇಲೆ ನಾಲಗೆ ಕಚ್ಚಿಕೊಂಡಳು.

"ನೋಡಿ, ಜಾಗ ಇದೆ," ಎಂದಳು ಲಾಂಡ್ರಿಯಮ್ಮ.

"ಜಾಗದ ಪ್ರಶ್ನೆ ಅಲ್ಲ," ಮೇಷ್ಟ್ರ ಧ್ವನಿ ಏರಿತು. "ಅರ್ಥ ಅಂದ್ರೆ ಇದ್ದದ್ದಷ್ಟು ಹೇಳೋದು. ಒಣಗಿದೆ ಅಂತ ಪದ ಹೇಳತ್ತೆ, ನಾನೂ ಅಷ್ಟು ಹೇಳ್ತೀನಿ. ಹಾಲು ಕೊಡತ್ತೆ, ಹುಲ್ಲು ತಿನ್ನತ್ತೆ, ಬಾಲ ಅಲ್ಲಾಡಿಸತ್ತೆ ಅಂತೆಲ್ಲ ಸೇರಿಸ್ತಾ ಹೋದ್ರೆ ಅದು ನಿಘಂಟಾ, ಕುರಿ ಸಂತೆಯಾ? ಇಷ್ಟು ವರ್ಷದಿಂದ ಹೇಳ್ತಿದೀನಿ, ನಿನ್ನ ತಲೆಗೆ ಹೋಗಲ್ವಲ್ಲ. ಒಂದು ಸಲ ಹಿಡಿದರೆ ಮುಗೀತು, ಹಠ, ಬರೀ ಹಠ."

ಹೇಳಿ ಮುಗಿಸಿದ ಮೇಲೆ ಅವರಿಗೆ ತಮ್ಮದೇ ಧ್ವನಿ ಕೇಳಿಸಿತು. ಮುಖದ ಬಣ್ಣ ಇಳಿಯಿತು. ಚೊಂಬು ಒಂದು ಹೆಜ್ಜೆ ಒಳಗಿಟ್ಟ, ಅಕ್ಕನನ್ನು ಹಿಡಿದುಕೊಳ್ಳಬೇಕಾದೀತು ಎಂಬಂತೆ.

ಲಾಂಡ್ರಿಯಮ್ಮ ತಮ್ಮನನ್ನು ಕೈಯಿಂದ ಅತ್ತ ಸರಿಸಿದಳು. ಮೂಲೆಯ ಸ್ಟೂಲನ್ನು ತಾನೇ ಎಳೆದುಕೊಂಡು ಬಂದು, ಗಂಡನ ಎದುರು ಹಾಕಿ, ಯಾರೂ ಹೇಳದೆಯೇ ಕೂತಳು. ಮಂಡಿಯ ಮೇಲೆ ಎರಡೂ ಕೈ ಊರಿದಳು.

"ಹಠ ಅಂದ್ರಿ," ಎಂದಳು. "ಸರಿ. ಆ ಕುರಿ ಮನೇಲಿ ಇಟ್ಕೊಂಡವನು ಅದನ್ನ ಮಾರೋಕೆ ಹೋದ ಅಂತ ಇಟ್ಕೊಳ್ಳಿ. ಕೊಳ್ಳೋನು ಮೊದಲು ಏನು ಕೇಳ್ತಾನೆ? ಒಣಗಿದ್ದು ಎಷ್ಟು ಅಂತ ಕೇಳ್ತಾನಾ, ಉಳಿದಿದ್ದು ಎಷ್ಟು ಅಂತಾನಾ? ಹೇಳಿ."

ಮೇಷ್ಟ್ರು ಅವಳನ್ನು ಒಂದು ಕ್ಷಣ ನೋಡಿದರು. ಆಮೇಲೆ ಕನ್ನಡಕವನ್ನು ಹಣೆಯಿಂದ ಮೂಗಿಗಿಳಿಸಿ, ಪೆನ್ನನ್ನು ಮೇಜಿನ ಮೇಲೆ ಕುಕ್ಕಿದರು.

"ಕೊಳ್ಳೋನ ವಿಷಯ ಬೇರೆ, ಪದದ ವಿಷಯ ಬೇರೆ. ಎರಡನ್ನೂ ಕಲಸಬೇಡ ನೀನು. ಯಾವಾಗ್ಲೂ ಇದೇ ನಿನ್ನದು."

"ನನ್ನದಾ? ಶುರು ಮಾಡಿದ್ದು ಯಾರು?"

ಅಚ್ಚುಮನೆಯ ಒಡತಿ ಬಾಗಿಲ ಕಡೆ ನೋಡಿದಳು, ಗಡಿಯಾರ ನೋಡಿದಳು. ಇವತ್ತು ಪುಟ ಬೇಗ ಸಿಗುವ ಲಕ್ಷಣ ಅವಳಿಗೆ ಕಾಣಲಿಲ್ಲ. ಹೆಗಲಿನ ಕೈಚೀಲ ಇಳಿಸಿ, ಒಗೆಯದ ಬಟ್ಟೆಯ ಗಂಟಿನ ಮೇಲೆ ಕೂತು, ಚೊಂಬುವನ್ನು ಮೆಲ್ಲಗೆ ಕೇಳಿದಳು: "ಇದು ಯಾವಾಗ್ಲೂ ಹೀಗೇನಾ?"

"ಮೊದಲು ಹೀಗೇ ಇತ್ತು," ಎಂದ ಚೊಂಬು.